18ನೇ ಪುಟದ ಜಾಗ: ತಗೊಳ್ಳೋದಾ, ಬಿಡೋದಾ?

ನೋಟ್‌ಬುಕ್ ಸೊಸೆ:

ಮನೆ ಕಟ್ಟೋಕೆ ಜಾಗ ಹುಡುಕ್ತಾ ನಮಗೆ ಎರಡು ವರ್ಷ ಮೂರು ತಿಂಗಳಾಯ್ತು. ನೋಡಿದ ಒಂದೊಂದು ಜಾಗಕ್ಕೂ ನನ್ನ ಹತ್ರ ಒಂದೊಂದು ಪುಟ ಇದೆ. ಮಗನ ಹಳೇ ಗಣಿತದ ನೋಟ್‌ಬುಕ್ಕಲ್ಲಿ ಉಳಿದ ಹಾಳೆಗಳು, ಚೌಕುಳಿ ಇರೋದ್ರಿಂದ ನಕ್ಷೆ ಬರೆಯೋಕೆ ಅನುಕೂಲ. 4ನೇ ಪುಟದ ಜಾಗಕ್ಕೆ ಮೂವರು ಅಣ್ಣತಮ್ಮಂದಿರ ಸಹಿ ಬೇಕಿತ್ತು, ಒಬ್ಬ ಎಲ್ಲಿದ್ದಾನೆ ಅಂತ ಉಳಿದಿಬ್ಬರಿಗೂ ಗೊತ್ತಿರಲಿಲ್ಲ. 9ನೇದು ಎಲ್ಲಾ ರೀತಿಯಲ್ಲೂ ಚೆನ್ನಾಗಿತ್ತು, ರಾತ್ರಿ ಹತ್ತಕ್ಕೆ ಹೋಗಿ ನಿಂತಾಗ ಹಿಂದಿನ ಶೆಡ್ಡಲ್ಲಿ ಕಬ್ಬಿಣ ಕುಯ್ಯೋ ಸದ್ದು ಶುರುವಾಯ್ತು. 13ನೇದರ ಮೇಲೆ ಹೈಟೆನ್ಷನ್ ತಂತಿ ಹೋಗಿತ್ತು. ಮಾರೋರು ನೆಲ ತೋರಿಸಿದ್ರು, ನಾವೂ ನೆಲಾನೇ ನೋಡ್ತಾ ನಿಂತಿದ್ವಿ. ತಲೆಯೆತ್ತಿ ನೋಡಿದ್ದು ನನ್ನ ಮಗ.

ಈಗ 18. ನಾನು, ನಮ್ಮನೆಯವರು, ಒಂಬತ್ತು ವರ್ಷದ ಮಗ, ಮೈದುನ, ಅತ್ತೆ, ಐದೂ ಜನ ಒಟ್ಟಿಗೆ ಹೋಗಿ ನೋಡಿದ ಮೊದಲನೇ ಜಾಗ ಇದು. ಅತ್ತೆಗೆ 71. ಎಡ ಮಂಡಿ ಸವೆದಿದೆ. ಈಗಿರೋ ಬಾಡಿಗೆ ಮನೆ ಎರಡನೇ ಮಹಡಿ, ಅವರು ವಾರಕ್ಕೊಂದು ಸಲ ಕೆಳಗಿಳಿದ್ರೆ ಹೆಚ್ಚು. ಅವತ್ತು ಕಾರಿಂದ ಇಳಿದು, ಯಾರ ಕೈಯನ್ನೂ ಹಿಡೀದೆ ಜಾಗದ ನಡುವಿಗೆ ಹೋಗಿ ನಿಂತ್ರು. ಸೆರಗು ಹಾರ್ತಿತ್ತು, ಬಿಗಿಯಾಗಿ ಹಿಡ್ಕೊಂಡು "ಇಲ್ಲಿ ಗಾಳಿ ಇದೆ ಕಣೇ" ಅಂದ್ರು. ಅಷ್ಟೇ ಅಂದಿದ್ದು. ಮನೆಯವರೆಲ್ಲ ಅಲ್ಲೇ ತೀರ್ಮಾನ ಮಾಡಿಬಿಟ್ರು.

ನನಗೆ ಮಾತ್ರ ಮೂರು ವಿಷಯ ಚುಚ್ತಾ ಇದೆ.

ಒಂದು, ಗೋಡೆ. ಜಾಗದ ಹಿಂದಿನ ಮೂಲೆಗೆ ಅಂಟಿಕೊಂಡ ಹಾಗೆ ಪಕ್ಕದವರ ಪಾಳು ಪಂಪ್‌ಶೆಡ್ ಇದೆ. ಅದರ ಗೋಡೆ ಮೇಲೆ ನೆಲದಿಂದ ಒಂದು ಮೊಳಕ್ಕಿಂತ ಸ್ವಲ್ಪ ಮೇಲೆ ಕಂದು ಗೆರೆ. ಅಳೆದೆ, 20 ಇಂಚು. ಕಾಣೋ ಮೂರೂ ಗೋಡೆ ಮೇಲೆ ಅದೇ ಎತ್ತರ, ದಾರ ಹಿಡಿದು ಎಳೆದ ಹಾಗೆ. ಗೆರೆಯ ಕೆಳಗಿನ ಸುಣ್ಣ ಉಗುರು ತಾಗಿಸಿದ್ರೆ ಉದುರುತ್ತೆ, ಮೇಲಿಂದು ಗಟ್ಟಿ. ಮಾರೋರನ್ನ ಕೇಳಿದ್ರೆ "ದನ ಮೈ ಉಜ್ಜಿರುತ್ತೆ" ಅಂದ್ರು. ಯಾವ ದನ ಅಷ್ಟು ಮಟ್ಟವಾಗಿ ಉಜ್ಜುತ್ತೆ?

ಎರಡು, ಮಣ್ಣು. ಮುಂದಿನ ಭಾಗ ಕೆಂಪು, ಗರಸು, ಗಟ್ಟಿ. ಹಿಂದಿನ ಮೂರನೇ ಒಂದು ಭಾಗದ ಬಣ್ಣ ಬೇರೆ, ನಡೆದ್ರೆ ಹೆಜ್ಜೆ ಸದ್ದೂ ಬೇರೆ. ಚಪ್ಪಲಿ ತುದಿಯಲ್ಲಿ ಕೆದಕಿದೆ, ಹೆಂಚಿನ ಚೂರು ಸಿಕ್ತು.

ಮೂರು, ಅಳತೆ. ಕಾಗದದಲ್ಲಿ ಮುಂದೆ 40 ಅಡಿ, ಹಿಂದೆ 36, ಎಡಕ್ಕೆ 60, ಬಲಕ್ಕೆ 62, ಒಟ್ಟು 2318 ಚದರಡಿ. ನಾವೇ ನಾಲ್ಕೂ ಕಡೆ ಟೇಪ್ ಹಿಡಿದ್ವಿ, ನಾಲ್ಕೂ ಸರಿಯಾಗಿದೆ. "ನೋಡಿ ಅತ್ತಿಗೆ, ಇಂಚೂ ಆಚೀಚೆ ಇಲ್ಲ" ಅಂದ ಮೈದುನ. ಆದ್ರೂ ಮುಂದಿನ ಮೂಲೆಯಲ್ಲಿ ನಿಂತ್ರೆ ಜಾಗ ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತೆ. ಬರೀ ಕಾಣುತ್ತೆ ಅಷ್ಟೇ, ತೋರಿಸೋಕೆ ನನ್ನ ಹತ್ರ ಏನೂ ಇಲ್ಲ.

ಮೊಸರಲ್ಲಿ ಕಲ್ಲು ಹುಡುಕೋಳು ಅಂತ ಮನೇಲಿ ನನಗೆ ಹೆಸರು ಬಂದಿದೆ. ಹದಿನೇಳರಲ್ಲಿ ಹನ್ನೊಂದು ಬೇಡ ಅಂದಿದ್ದು ನಾನೇ, ಒಪ್ಕೋತೀನಿ. ಮಾರೋರು ಹತ್ತು ದಿನ ಟೈಮ್ ಕೊಟ್ಟಿದ್ದಾರೆ, ಅಷ್ಟರಲ್ಲಿ ಮುಂಗಡ ಕೊಡಬೇಕಂತೆ. ದರ ಅಕ್ಕಪಕ್ಕಕ್ಕಿಂತ ಕಡಿಮೆ. ಬೇಕಿದ್ರೆ ಅದನ್ನ ನಾಲ್ಕನೇ ಅನುಮಾನ ಅಂತ ಇಟ್ಕೊಳ್ಳಿ. ಇವೆಲ್ಲ ನಿಜವಾಗ್ಲೂ ಒಂದು ಜಾಗ ಬಿಡೋವಷ್ಟು ದೊಡ್ಡ ಕಾರಣಗಳಾ? ಇಲ್ಲ, ಬೇಡ ಅಂದೂ ಅಂದೂ ನನಗೇ ಅಭ್ಯಾಸ ಆಗಿಹೋಗಿದೆಯಾ?


ಆರು ವರ್ಷ ಕಳೆದವನು:

ತಗೊಳ್ಳಿ ಮೇಡಂ. ಕೊರತೆ ಇಲ್ಲದ ಜಾಗ ಅಂತ ಭೂಮಿ ಮೇಲೆ ಯಾವುದೂ ಇಲ್ಲ. ನಾನು ಮೊದಲನೇ ವರ್ಷ ಬೇಡ ಅಂದು ಬಂದ ಜಾಗದಲ್ಲಿ ಈಗ ಬೇರೆಯವರ ಮಕ್ಕಳು ಆಡ್ತಾ ಇದ್ದಾವೆ. ನಾನಿನ್ನೂ ನೋಡ್ತಾನೇ ಇದ್ದೀನಿ. ನಿಮ್ಮ ಅತ್ತೆಯವರಿಗೆ 71 ಅಂದ್ರಲ್ಲ, ಆ ಲೆಕ್ಕವನ್ನೂ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ.


ಸರಪಳಿ ಮೇಷ್ಟ್ರು:

ತಂಗಿ, ನಾನು ಮೂವತ್ತನಾಲ್ಕು ವರ್ಷ ಭೂಮಾಪನದಲ್ಲಿದ್ದವನು. ನಿಮ್ಮ ಮೂರನೆಯ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ, ಉಳಿದೆರಡು ನನ್ನ ವಿದ್ಯೆ ಅಲ್ಲ.

ನಿಮ್ಮ ಕಣ್ಣು ಸರಿಯಾಗಿಯೇ ಹೇಳುತ್ತಿದೆ. ನಾಲ್ಕು ಬದಿ ಅಳೆದ ಮಾತ್ರಕ್ಕೆ ಜಾಗದ ಆಕಾರ ಸಿಗುವುದಿಲ್ಲ. ನಾಲ್ಕು ಕಡ್ಡಿ ತೆಗೆದುಕೊಂಡು ತುದಿಗೆ ತುದಿ ಮೊಳೆ ಹೊಡೆದು ಚೌಕಟ್ಟು ಮಾಡಿ, ಮೂಲೆ ಹಿಡಿದು ಮೆಲ್ಲಗೆ ಒತ್ತಿ ನೋಡಿ. ಕಡ್ಡಿಗಳ ಉದ್ದ ಅಷ್ಟೇ ಇರುತ್ತದೆ, ಚೌಕಟ್ಟು ವಾಲುತ್ತ ಹೋಗುತ್ತದೆ, ಒಳಗಿನ ಜಾಗವೂ ಬದಲಾಗುತ್ತ ಹೋಗುತ್ತದೆ. ಮೂರು ಕಡ್ಡಿಯದು ಹಾಗಲ್ಲ, ಎಷ್ಟು ಒತ್ತಿದರೂ ಅಲುಗುವುದಿಲ್ಲ. ಅದಕ್ಕೇ ನಾವು ಎಂಥ ಜಾಗವನ್ನಾದರೂ ಕರ್ಣ, ಅಂದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುವ ಗೆರೆ, ಹಿಡಿದು ತ್ರಿಕೋನಗಳಾಗಿ ಒಡೆದು ಅಳೆಯುವುದು.

ಆ 2318 ಎಲ್ಲಿಂದ ಬಂತು ನೋಡಿ. 40 ಮತ್ತು 36ರ ಸರಾಸರಿ 38, 60 ಮತ್ತು 62ರ ಸರಾಸರಿ 61, ಗುಣಿಸಿದರೆ 2318. ಬಹಳ ಹಳೆಯ ಲೆಕ್ಕ ಇದು. ಈಜಿಪ್ಟಿನ ಎಡ್ಫು ದೇವಾಲಯದ ಗೋಡೆಯ ಮೇಲೆ ಹೊಲಗಳ ವಿಸ್ತೀರ್ಣ ಕೆತ್ತಿರುವುದು ಇದೇ ಕ್ರಮದಲ್ಲಿ. ನಮ್ಮ ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಇದನ್ನು ‘ಸ್ಥೂಲ’, ಅಂದರೆ ಅಂದಾಜಿನ ಲೆಕ್ಕ, ಎಂದು ಕರೆದು, ‘ಸೂಕ್ಷ್ಮ’ವಾದ ಲೆಕ್ಕವನ್ನು ಬೇರೆಯಾಗಿ ಕೊಟ್ಟ. ನಾಲ್ಕೂ ಮೂಲೆ ನೆಟ್ಟಗಿದ್ದರೆ ಮಾತ್ರ ಇದು ಸರಿ ಬರುತ್ತದೆ. ಇಲ್ಲದಿದ್ದರೆ ಯಾವಾಗಲೂ ಹೆಚ್ಚೇ ತೋರಿಸುತ್ತದೆ, ಕಡಿಮೆ ತೋರಿಸುವ ಪ್ರಶ್ನೆಯೇ ಇಲ್ಲ. ಮಾರುವವರ ಕೈಯಲ್ಲಿ ಇದು ಇಷ್ಟು ದಿನ ಬದುಕಿರುವುದು ಸುಮ್ಮನೆ ಅಲ್ಲ.

ಎರಡೂ ಕರ್ಣ ಅಳೆದು ಬನ್ನಿ. ಟೇಪ್ ಜೋಲಬಾರದು, ಗಿಡದ ಬುಡ ಸುತ್ತಿ ಹೋಗಬಾರದು. ಗಡಿಕಲ್ಲಿನಿಂದ ಗಡಿಕಲ್ಲಿಗೆ ಹಿಡಿಯಿರಿ, ಬೇಲಿಯಿಂದ ಬೇಡ. ಕಲ್ಲು ನಿಂತಲ್ಲಿ ನಿಲ್ಲುತ್ತದೆ, ಬೇಲಿ ವರ್ಷಕ್ಕೊಂದು ಗೇಣು ನಡೆಯುತ್ತದೆ.


ಬಿರುಕು ಮನೆಯಾತ:

ನಿಮ್ಮ ಎರಡನೆಯ ಅನುಮಾನದ ಮೇಲೆ ನಾನು ಹದಿಮೂರು ವರ್ಷದಿಂದ ವಾಸ ಮಾಡುತ್ತಿದ್ದೇನೆ.

ನಮ್ಮದು ಇಳಿಜಾರಿನ ಜಾಗ. ಮೇಲ್ಭಾಗ ಕಡಿದು, ಆ ಮಣ್ಣನ್ನೇ ಕೆಳಕ್ಕೆ ತಳ್ಳಿ ಸಪಾಟು ಮಾಡಿ ಮಾರಿದ್ದರು. ಸಪಾಟಾಗಿದೆ ಅಂತ ಸಂತೋಷದಿಂದ ಕೊಂಡೆವು. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ಮನೆ ತುಂಬಿದ ಮಣ್ಣಿನ ಮೇಲೆ ಕೂತಿತು. ಮೊದಲ ವರ್ಷ ಏನೂ ಇಲ್ಲ. ಎರಡನೆಯ ಮಳೆಗಾಲ ಕಳೆದ ಮೇಲೆ ಮಲಗುವ ಕೋಣೆಯ ಬಾಗಿಲು ಮೇಲ್ಗಡೆ ಉಜ್ಜತೊಡಗಿತು. ಬಡಗಿ ಬಂದು ಕೀಸಿ ಹೋದ. ಮರುವರ್ಷ ಮತ್ತೆ ಬಂದು ಕೀಸಿದ. ಮೂರನೆಯ ಸಲ ಅವನೇ ಕೆಲಸ ನಿಲ್ಲಿಸಿ ಹೇಳಿದ: "ಸಾರ್, ಬಾಗಿಲು ಬೆಳೀತಾ ಇಲ್ಲ, ಚೌಕಟ್ಟು ಇಳೀತಾ ಇದೆ."

ಆಮೇಲೆ ಕಿಟಕಿಯ ಮೂಲೆಯಿಂದ ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹತ್ತಿತು. ಎಂಜಿನಿಯರ್ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದರು. ಗಾಜು ಹಾಗೇ ಇದ್ದರೆ ಬಿರುಕು ಹಳೆಯದು, ಒಡೆದರೆ ಇನ್ನೂ ಬೆಳೆಯುತ್ತಿದೆ ಅಂತ. ಏಳು ತಿಂಗಳಿಗೆ ಒಡೆಯಿತು. ಮಧ್ಯರಾತ್ರಿ ಟಣ್ಣೆಂದಿತು, ನನ್ನ ಹೆಂಡತಿ ಕಳ್ಳ ಅಂದುಕೊಂಡಳು.

ಇಡೀ ಮನೆ ಒಂದೇ ಸಮ ಇಳಿದರೆ ಅಷ್ಟು ಕೇಡಿಲ್ಲ. ಒಂದು ಕಡೆ ಕದಲದೆ ನಿಂತು ಇನ್ನೊಂದು ಕಡೆ ಇಳಿಯುವುದೇ ಕೇಡು. ಮುಂದೆ ಗರಸು, ಹಿಂದೆ ಹೆಂಚಿನ ಚೂರು ಅಂತ ನೀವು ಬರೆದದ್ದು ಓದಿ ನನಗೆ ಆ ಗಾಜಿನ ಸದ್ದೇ ಕೇಳಿಸಿತು.

ಮಾರುವವರ ಒಪ್ಪಿಗೆ ಪಡೆದು ಎರಡು ಗುಂಡಿ ತೋಡಿಸಿ, ಮುಂದೊಂದು, ಹಿಂದೊಂದು. ಒಪ್ಪದಿದ್ದರೆ ಅದೇ ಉತ್ತರ ಅಂದುಕೊಂಡು ಮನೆಗೆ ಬನ್ನಿ. ಹಿಂದಿನ ಗುಂಡಿಯೊಳಗೆ ಯಾರನ್ನೂ ಇಳಿಸಬೇಡಿ, ಅದರಲ್ಲೂ ಮಗನನ್ನು. ತುಂಬಿದ ಮಣ್ಣಿನ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ. ಮೇಲಿಂದಲೇ ನೋಡಿ. ಪ್ಲಾಸ್ಟಿಕ್, ಇಟ್ಟಿಗೆ, ಬೂದಿ ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೂ ತುಂಬಿದ್ದು. ಅದರ ಕೆಳಗೆ ಕೊಳೆತ ಬೇರಿನ ಕಪ್ಪು ಪದರ ಕಂಡರೆ ಅದು ಹಳೆಯ ನೆಲ. "ತುಂಬಿ ಹತ್ತು ವರ್ಷವಾಯಿತು, ಚೆನ್ನಾಗಿ ಕೂತಿದೆ" ಎನ್ನುತ್ತಾರೆ, ನನಗೂ ಅಂದಿದ್ದರು. ಆರೆಂಟು ಇಂಚಿಗೊಂದು ಪದರ ಹಾಕಿ, ನೀರು ಹದ ನೋಡಿ, ರೋಲರ್ ಹೊಡೆದಿದ್ದರೆ ಆ ಮಾತು ನಂಬಬಹುದು. ಲಾರಿಯಿಂದ ಸುರಿದು ಹೋದದ್ದಕ್ಕೆ ವರ್ಷ ಎಣಿಸಬೇಡಿ.


ಮಟ್ಟದ ಪೈಪ್:

ಅಕ್ಕಾ, ನಾನು ಮೇಸ್ತ್ರಿ. ಎಲ್ಲರೂ ಮಣ್ಣು, ಅಳತೆ ಅಂತಿದ್ದಾರೆ, ಆ ಗೋಡೆ ಗೆರೇನ ಯಾರೂ ಮುಟ್ಟಲಿಲ್ವಲ್ಲ. ನನ್ನ ಪ್ರಕಾರ ಅದೇ ದೊಡ್ಡದು.

ನೆಲದಿಂದ 20 ಇಂಚು ಅಂದ್ರಿ. ಆದ್ರೆ ಆ ನೆಲ ರಸ್ತೆಗಿಂತ ಎಷ್ಟು ಕೆಳಗಿದೆ? ಅದು ಗೊತ್ತಾಗದೆ 20ಕ್ಕೆ ಅರ್ಥ ಇಲ್ಲ. ನಾವು ಮಟ್ಟ ನೋಡೋಕೆ ಇಟ್ಕೊಳ್ಳೋ ತೆಳ್ಳನೆ ಪಾರದರ್ಶಕ ಪೈಪ್ ತಗೊಳ್ಳಿ, ನಿಮ್ಮ ಜಾಗಕ್ಕೆ 80 ಅಡಿ ಬೇಕು. ನೀರು ತುಂಬಿ, ಒಂದು ತುದಿ ರಸ್ತೆ ಹತ್ರ, ಇನ್ನೊಂದು ಶೆಡ್ ಹತ್ರ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ, ಅಲ್ಲಿಂದ ನೆಲಕ್ಕೆ ಟೇಪ್ ಹಿಡೀರಿ. ಎರಡರ ವ್ಯತ್ಯಾಸವೇ ಇಳಿತ. ಪೈಪ್ ಒಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡ್ರೂ ಲೆಕ್ಕ ಸುಳ್ಳಾಗುತ್ತೆ, ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿ. ಅಳೆಯೋ ಹೊತ್ತಿಗೆ ತುದೀನ ಹೆಬ್ಬೆರಳಲ್ಲಿ ಮುಚ್ಚಬೇಡಿ, ಹೊಸಬರೆಲ್ಲ ಅಲ್ಲೇ ತಪ್ಪೋದು.

ಹಾಗೇ ಚರಂಡಿ ಮಟ್ಟಾನೂ ನೋಡ್ಕೊಳ್ಳಿ. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದಡಿ ಇಳಿತ ಬೇಕು, ತೀರಾ ಜಾಗ ಇಲ್ಲ ಅಂದ್ರೆ 60ಕ್ಕೆ ಒಂದು. ಬಚ್ಚಲು ರಸ್ತೆ ಚರಂಡಿಗಿಂತ ಕೆಳಗಾದ್ರೆ ನೀರು ಹೋಗೋದಲ್ಲ, ಬರುತ್ತೆ.

ಗುಂಡಿ ತೋಡಿಸಿದ್ರೆ ಇನ್ನೊಂದು ನೋಡಿ. ಬೂದು ಬಣ್ಣದ ಮಣ್ಣಲ್ಲಿ ತುಕ್ಕಿನ ಚುಕ್ಕೆ ಇದೆಯಾ ಅಂತ. ನೀರಲ್ಲಿ ನೆನೆದು ಗಾಳಿ ಸಿಗದ ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತೆ, ನೀರಿಳಿದು ಗಾಳಿ ಸಿಕ್ಕಾಗ ಅದರೊಳಗಿನ ಕಬ್ಬಿಣ ತುಕ್ಕು ಹಿಡಿಯುತ್ತೆ. ಬೇಸಿಗೇಲಿ ಗುಂಡಿ ಒಣಗಿದ್ರೂ ನೀರು ಎಲ್ಲೀವರೆಗೆ ಬರ್ತಿತ್ತು ಅಂತ ಆ ಚುಕ್ಕೆ ಹೇಳುತ್ತೆ.


ನೋಟ್‌ಬುಕ್ ಸೊಸೆ:

ಭಾನುವಾರ ಹೋಗಿ ಬಂದ್ವಿ. ಎಲ್ಲರಿಗೂ ಒಟ್ಟಿಗೇ ಬರೀತಾ ಇದ್ದೀನಿ.

ಮೇಷ್ಟ್ರೇ, ಕರ್ಣ ಒಂದು 66 ಅಡಿ, ಇನ್ನೊಂದು 77 ಅಡಿ 3 ಇಂಚು. ಟೇಪಿನ ಆ ತುದಿ ಹಿಡಿದಿದ್ದ ಮೈದುನ "ತಪ್ಪು ಓದ್ತಾ ಇದ್ದೀರಿ" ಅಂತ ಓಡಿ ಬಂದು ಮತ್ತೆ ತಾನೇ ಓದಿದ. ರಾತ್ರಿ ಮಗನ ಜೊತೆ ಕೂತು, ಮೂರು ಬದಿ ಗೊತ್ತಿದ್ರೆ ತ್ರಿಕೋನದ ವಿಸ್ತೀರ್ಣ ಹೇಳೋ ಹೆರಾನ್ ಸೂತ್ರ ಹಾಕಿದೆ. 40, 62, 66ರ ತ್ರಿಕೋನ 1210, 66, 36, 60ರದ್ದು 1071. ಒಟ್ಟು 2281. ಕಾಗದಕ್ಕಿಂತ 37 ಚದರಡಿ ಕಡಿಮೆ. ಆರಡಿ ಆರಡಿಯ ಒಂದು ಬಚ್ಚಲುಮನೆ! ನಾಲ್ಕು ಬದಿ ಅಳೆದು ಸರಿ ಇದೆ ಅಂತ ಮನೆಗೆ ಬಂದಿದ್ವಿ.

ಗುಂಡಿಗೆ ಮಾರೋರು ಮೊದಲು ಗೊಣಗಿದ್ರು, ಮುಚ್ಚಿಸಿಕೊಡ್ತೀವಿ ಅಂದ ಮೇಲೆ ಹೂಂ ಅಂದ್ರು. ಮುಂದಿನ ಗುಂಡಿಯಲ್ಲಿ ಒಂದಡಿ ಕೆಳಗೆ ಹಾರೆ ಠಣ್ ಅಂತು. ಅಲ್ಲಿಂದ ಅಗೆಯೋನಿಗೆ ಕೈ ನೋವು, ನಮಗೆ ಸಮಾಧಾನ. ಹಿಂದಿನ ಗುಂಡಿಯಲ್ಲಿ ಹೆಂಚು, ಬೂದಿ, ನೀಲಿ ಪ್ಲಾಸ್ಟಿಕ್, ಅರ್ಧ ಬಾಚಣಿಗೆ. 38 ಇಂಚಿನ ಹತ್ರ ಕಪ್ಪು ಪದರ ಬಂತು. ಅದರ ಕೆಳಗೆ ಬೂದು ಮಣ್ಣು. ಮೇಲೆ ಹಾಕಿದ್ದ ಒಂದು ಹೆಂಟೆ ಒಡೆದು ನೋಡಿದೆ, ಒಳಗೆಲ್ಲ ಕಿತ್ತಳೆ ಬಣ್ಣದ ಚುಕ್ಕೆ, ಹಳೇ ಬೀಗದ ತುಕ್ಕು ಬೆರಳಿಗೆ ಹತ್ತಿದ ಹಾಗೆ. ಹೆಂಟೇನ ಕವರಲ್ಲಿ ಹಾಕಿ ಮನೆಗೆ ತಂದಿದ್ದೀನಿ, ಅತ್ತೆಗೆ ತೋರಿಸೋಕೆ.

ಮಟ್ಟದ ಪೈಪ್ ಹಿಡಿದಿದ್ದು ನಾನು ಮತ್ತು ಮಗ. ಮೊದಲ ಸಲ 9 ಇಂಚು ಬಂತು, ಎರಡನೇ ಸಲ 17. ನೋಡಿದ್ರೆ ಗುಳ್ಳೆ, ಬಟಾಣಿಯಷ್ಟು ದೊಡ್ಡದು. ಮಗ ಪೈಪನ್ನ ಬೆರಳಲ್ಲಿ ತಟ್ಟಿ ತಟ್ಟಿ ತುದೀವರೆಗೆ ಓಡಿಸಿದ. ಆಮೇಲೆ ಮೂರು ಸಲ ನೋಡಿದ್ವಿ, ಮೂರು ಸಲವೂ 22. ಶೆಡ್ಡಿನ ಬುಡ ರಸ್ತೆಗಿಂತ 22 ಇಂಚು ಕೆಳಗಿದೆ.

ಗೆರೆ ಬಗ್ಗೆ ಮತ್ತೆ ಕೇಳಿದೆ. ಈ ಸಲ ದನ ಹೋಗಿ ಮಳೆ ಬಂದಿದೆ, "ಅದು ನೂರು ವರ್ಷಕ್ಕೊಂದು ಸಲ ಬರೋ ಅಂಥ ಮಳೆ, ನೀವಿರೋವರೆಗೆ ಮತ್ತೆ ಬರಲ್ಲ" ಅಂದ್ರು. ನಮ್ಮನೆಯವರಿಗೆ ಸಮಾಧಾನ ಆಗಿಬಿಟ್ಟಿದೆ, ನನಗಾಗಿಲ್ಲ.


ಸರಪಳಿ ಮೇಷ್ಟ್ರು:

ನೂರು ವರ್ಷದ ಮಳೆ ಎಂದರೆ ನೂರು ವರ್ಷಕ್ಕೆ ಸರದಿಯಂತೆ ಬರುವ ಮಳೆಯಲ್ಲ. ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ನೂರರಲ್ಲಿ ಒಂದು ಎಂದಷ್ಟೇ ಅರ್ಥ. ಕಳೆದ ವರ್ಷ ಬಂದಿದ್ದರೆ ಈ ವರ್ಷದ ಸಂಭವ ಕಡಿಮೆಯಾಗುವುದಿಲ್ಲ. ಮೂವತ್ತು ವರ್ಷ ಆ ಮನೆಯಲ್ಲಿದ್ದರೆ ಒಮ್ಮೆಯಾದರೂ ಅದನ್ನು ನೋಡುವ ಸಂಭವ ಶೇಕಡ 26, ನಾಲ್ಕರಲ್ಲಿ ಒಂದು. ಅದೂ ಅವರ ಮಾತನ್ನು ನಂಬಿದರೆ.


ಮಟ್ಟದ ಪೈಪ್:

ಅಕ್ಕಾ, ನಿಮ್ಮ ಲೆಕ್ಕದಲ್ಲೇ ಉತ್ತರ ಇದೆ. ಬುಡ ರಸ್ತೆಗಿಂತ 22 ಇಂಚು ಕೆಳಗೆ, ಗೆರೆ ಬುಡದಿಂದ 20 ಇಂಚು ಮೇಲೆ. ಅಂದ್ರೆ ಗೆರೆ ರಸ್ತೆಗಿಂತ ಎರಡೇ ಇಂಚು ಕೆಳಗೆ. ನಿಮ್ಮ ರಸ್ತೆ ಒಂದು ಒಡ್ಡು. ಹಿಂದಿನಿಂದ ಬಂದ ನೀರು ರಸ್ತೆಗೆ ತಡೆದು ತುಂಬಿಕೊಳ್ಳುತ್ತೆ, ರಸ್ತೆ ಹತ್ರ ಹತ್ರ ಬಂದ ಮೇಲೆ ಎಲ್ಲೋ ತಗ್ಗಲ್ಲಿ ಹೊರಳಿ ಆಚೆ ಹೋಗುತ್ತೆ. ಇದಕ್ಕೆ ನೂರು ವರ್ಷದ ಮಳೆಯೇ ಬೇಕು ಅಂತ ನನಗನ್ನಿಸಲ್ಲ.

ಇನ್ನೊಂದು ವಿಷಯ, ರಸ್ತೆ ಬೆಳೆಯುತ್ತೆ. ಹಳೇ ಡಾಂಬರು ಕೆತ್ತದೆ ಮೇಲೆ ಮೇಲೆ ಹಾಕ್ತಾ ಹೋದ್ರೆ ಪ್ರತಿ ಸಲ ಒಂದೆರಡು ಇಂಚು ಏರುತ್ತೆ, ಜೊತೆಗೆ ನೀರೂ ಏರುತ್ತೆ. ಕಟ್ಟೋದಾದ್ರೆ ಮನೆ ನೆಲ ಈಗಿನ ರಸ್ತೆಗಿಂತ ಎರಡಡಿ ಮೇಲಿಡಿ. ಸಂಪಿನ ಮುಚ್ಚಳಾನೂ ರಸ್ತೆಗಿಂತ ಮೇಲೇ ಇರಲಿ, ಇಲ್ಲಾಂದ್ರೆ ಮೊದಲು ಕೆಡೋದು ಕುಡಿಯೋ ನೀರು. ಜಾಗ ಪೂರ್ತಿ ಮಣ್ಣು ತುಂಬಿ ಎತ್ತರಿಸಬೇಡಿ. ನಿಮ್ಮಲ್ಲಿ ನಿಲ್ಲೋ ನೀರು ಪಕ್ಕದ ಮನೆಗೆ ಹೋಗುತ್ತೆ, ಆಮೇಲೆ ಜೀವನಪೂರ್ತಿ ಜಗಳ.

ಹಿಂದೆ ಬೂದು ಮಣ್ಣು ಅಂದ್ರಲ್ಲ, ಅಲ್ಲಿ ಮನೆ ಬೇಡ. ಮುಂದಿನ ಗರಸಿನ ಮೇಲಷ್ಟೇ ಕೂರಿಸಿ. ನಿಮ್ಮ ಎಂಜಿನಿಯರ್ ಪಾಯ ಹಾಕೋಕೆ ಮುಂಚೆ ಮಣ್ಣಿನ ಪರೀಕ್ಷೆ ಬರೆದುಕೊಟ್ರೆ ಬೇಡ ಅನ್ನಬೇಡಿ, ಗುಂಡಿ ನೋಡಿದ್ದು ಪರೀಕ್ಷೆ ಅಲ್ಲ.

ಮತ್ತೆ ಎರಡಡಿ ಎತ್ತರ ಅಂದ್ರೆ ನಾಲ್ಕು ಮೆಟ್ಟಿಲು. ಅತ್ತೆಯವರ ಮಂಡಿ ಅಂದ್ರಿ. ಇಳಿಜಾರು ದಾರಿ ಮಾಡೋದಾದ್ರೆ ಒಂದಡಿ ಏರೋಕೆ ಹನ್ನೆರಡಡಿ ಉದ್ದ ಬೇಕು, ಎರಡಡಿಗೆ 24. ಅದಕ್ಕಿಂತ ಕಡಿದಾದ್ರೆ ಹತ್ತೋದಿರಲಿ, ಇಳಿಯೋವಾಗ ಮಂಡಿ ಹಿಡಿಯುತ್ತೆ. ಆ 24 ಅಡಿ ಎಲ್ಲಿಂದ ತರ್ತೀರಿ ಅಂತ ಮೊದಲು ನೋಡಿ, ಆಮೇಲೆ ಮುಂಗಡ.


ಓದಿ ಸಹಿ ಹಾಕಿ:

ಚಿಕ್ಕದಾಗಿ ಹೇಳ್ತೀನಿ. ಮುಂಗಡದ ಕರಾರಿನಲ್ಲಿ ಮೂರು ಮಾತು ಬರೆಸಿ: ವಿಸ್ತೀರ್ಣ ಜಂಟಿ ಅಳತೆಯಲ್ಲಿ ಬಂದಷ್ಟೇ, ಹಕ್ಕುಪತ್ರದಲ್ಲಿ ತೊಡಕು ಸಿಕ್ಕಿದರೆ ಹಣ ವಾಪಸ್, ಮಣ್ಣಿನ ಪರೀಕ್ಷೆಯಲ್ಲಿ ಈ ಜಾಗ ಬೇಡ ಅಂತ ಬಂದರೂ ಹಣ ವಾಪಸ್. ಮೂರಕ್ಕೂ ತಾರೀಖು ಇರಲಿ. ಕಾಗದ ನೋಡೋ ವಕೀಲರು ನಿಮ್ಮವರಾಗಿರಲಿ, ಮಾರೋರು "ನಮಗೆ ಗೊತ್ತಿರೋರು" ಅಂತ ಕಳಿಸಿದವರು ಬೇಡ. ಆಮೇಲೆ ಎಲ್ಲರೂ ಮರೆಯೋದು: ಮುಂದಿನ ರಸ್ತೆ ಯಾರದ್ದು? ಕಣ್ಣಿಗೆ ರಸ್ತೆ ಥರ ಕಾಣೋದು ಎಷ್ಟೋ ಸಲ ಯಾರದೋ ಸ್ವಂತ ಜಾಗ ಆಗಿರುತ್ತೆ. ಓಡಾಡೋ ಹಕ್ಕು ಕಾಗದದಲ್ಲಿ ಇರಬೇಕು.


ನೋಟ್‌ಬುಕ್ ಸೊಸೆ:

ಹತ್ತು ದಿನದ ಗಡುವು ನಿನ್ನೆಗೆ ಮುಗೀತು.

ಮೊದಲು ಅತ್ತೆ ವಿಷಯ ಹೇಳ್ತೀನಿ. ಇಷ್ಟೂ ದಿನ ಎಲ್ಲರೂ ಅವರಿಗೋಸ್ಕರ ಅಂತಾನೇ ಜಗಳ ಆಡ್ತಿದ್ವಿ, ಅವರನ್ನ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ತಪ್ಪು ನನ್ನದೂ ಇದೆ. ಮಣ್ಣಿನ ಹೆಂಟೆ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು, ಪುಡಿ ಮಾಡಿ, ಮೂಸಿ ನೋಡಿ "ಇದು ಕೆರೆ ಅಂಗಳದ ಮಣ್ಣು ಕಣೇ" ಅಂದ್ರು. ಗಾಳಿ ಯಾಕೆ ಅಷ್ಟು ತಣ್ಣಗಿತ್ತು ಅಂತ ಈಗ ಗೊತ್ತಾಯ್ತು ಅಂತಾನೂ ಅಂದ್ರು. ಆಮೇಲೆ ಅವರೇ ಕೇಳಿದ್ದು, "ಎರಡಡಿ ಎತ್ತರ ಅಂದ್ರೆ ನಾನು ಮತ್ತೆ ಮೇಲೇ ಕೂರಬೇಕಾ?"

ನಮ್ಮನೆಯವರು ಮಾತಾಡಲಿಲ್ಲ. ಸಂಜೆ ಕೆಳಗಿನ ಪಾರ್ಕಿಂಗಲ್ಲಿ ಸೀಮೆಸುಣ್ಣ ತಗೊಂಡು 24 ಅಡಿ ಉದ್ದ, ನಾಲ್ಕಡಿ ಅಗಲ ಗೆರೆ ಎಳೆದ್ರು. ಅತ್ತೆ ಕಂಬಿ ಹಿಡ್ಕೊಂಡು ಎರಡು ಮಹಡಿ ಇಳಿದು ಬಂದು ಅದರೊಳಗೆ ನಡೆದ್ರು. ಹೋಗಿ ಬಂದು, ಹೋಗಿ ಬಂದು. ಸಪಾಟು ನೆಲದಲ್ಲಿ ನಡೆದಿದ್ದು, ಏರಲ್ಲಿ ಬೇರೆ ಇರುತ್ತೆ ಅಂತ ನನಗೂ ಗೊತ್ತು. ಪಕ್ಕದ ಮನೆಯವರು ಸ್ಕೂಟರ್ ನಿಲ್ಲಿಸಿಕೊಂಡು ಇದೇನು ಆಟ ಅಂತ ನೋಡ್ತಾ ಇದ್ರು.

ಜಾಗ ತಗೊಳ್ತಾ ಇದ್ದೀವಿ. ಮನೆ ಮುಂದಿನ ಗರಸಿನ ಮೇಲೆ ಮಾತ್ರ. ಮುಂದೆ 10 ಅಡಿ ಬಿಟ್ಟು, 30 ಅಡಿ ಆಳದ ಮನೆ. ಹಿಂದಿನ 20 ಅಡಿ ಖಾಲಿ, ನೀರು ಬಂದ್ರೆ ಬಂದು ನಿಂತು ಹೋಗಲಿ. ಮನೆ ನಾವು ಅಂದುಕೊಂಡಿದ್ದಕ್ಕಿಂತ ಚಿಕ್ಕದಾಯ್ತು, ಮೈದುನನ ಕೋಣೆ ಮಹಡಿಗೆ ಹೋಯ್ತು. ತಗೊಳ್ಳಲೇಬೇಕು ಅಂತ ಎಲ್ಲರಿಗಿಂತ ಜೋರಾಗಿ ಹೇಳಿದ್ದೋನು ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾನೆ. ಮಾರೋರು 2281 ಚದರಡಿಗೆ ಒಪ್ಪಿದ್ರು, ಸ್ವಲ್ಪ ಬೇಗನೇ ಒಪ್ಪಿದ್ರು, ಅವರಿಗೂ ಮೊದಲೇ ಗೊತ್ತಿತ್ತೇನೋ. ಹಣ ವಾಪಸ್ ಅನ್ನೋ ಮಾತಿಗೆ ಮಾತ್ರ ಒಂದು ಗಂಟೆ ಎಳೆದಾಡಿ, ಕೊನೆಗೆ ಮಣ್ಣಿನ ಪರೀಕ್ಷೆಗೆ ಹದಿನೈದು ದಿನ ಅಂತ ಬರೆಸಿದ್ವಿ. ರಸ್ತೆ ಕಾಗದ ವಕೀಲರ ಹತ್ರ ಇದೆ, ಅದು ಬರೋವರೆಗೆ ಮುಂಗಡ ಇಲ್ಲ. 18ನೇ ಪುಟ ತುಂಬಿ 19, 20ಕ್ಕೂ ಹೋಗಿದೆ.

ಮೇಸ್ತ್ರಿಯವರೇ, ನಿಮಗೊಂದು ಪ್ರಶ್ನೆ. ಅತ್ತೆ ನಾಲ್ಕನೇ ಸಲ ನಡೆಯೋವಾಗ ಸರಿಯಾಗಿ ನಡುವೆ ನಿಂತು "ಇಲ್ಲೊಂದು ಕೂರೋ ಕಟ್ಟೆ ಬೇಕು" ಅಂದ್ರು. ಇಳಿಜಾರಲ್ಲಿ ಕಟ್ಟೆ ಹಾಕಬಹುದಾ?


ಮಟ್ಟದ ಪೈಪ್:

ಇಳಿಜಾರಲ್ಲಿ ಬೇಡ ಅಕ್ಕಾ. 12 ಅಡಿ ಏರಿದ ಮೇಲೆ ಐದಡಿ ಸಪಾಟು ಬಿಡಿ, ಅಲ್ಲಿ ಗೋಡೆಗೆ ಕಟ್ಟೆ, ಮತ್ತೆ 12 ಅಡಿ. ಒಟ್ಟು 29 ಆಯ್ತು. ಎಡಬದಿಯಲ್ಲಿ ಗೇಟಿಂದಾನೇ ಶುರು ಮಾಡಿದ್ರೆ ಹಿಡಿಸುತ್ತೆ, ಎರಡೂ ಕಡೆ ಕಂಬಿ ಹಾಕಿಸಿ. ಆದ್ರೆ ಬಾಗಿಲು ಮುಂದೆ ಬರಲ್ಲ, ಮನೆ ಪಕ್ಕದ ಗೋಡೆಗೆ ಹೋಗುತ್ತೆ, ನಡುವಿಗಿಂತ ಸ್ವಲ್ಪ ಹಿಂದಕ್ಕೆ. ಸಾಮಾನ್ಯವಾಗಿ ಅಡುಗೆಮನೆ ಬರೋ ಜಾಗ ಅದು. ಅತ್ತೆಯವರನ್ನ ಕೇಳಿ ಹೇಳಿ.


ನೋಟ್‌ಬುಕ್ ಸೊಸೆ:

ಕೇಳಿದೆ. ಅಡುಗೆಮನೆ ಒಂದು ಗೋಡೆ ಆಚೆಗೆ ಸರೀಬೇಕಂತೆ, ಬಾಗಿಲು ಅಲ್ಲೇ ಇರಬೇಕಂತೆ. ಅವತ್ತು ಗಾಳಿ ಎಡದಿಂದಾನೇ ಬರ್ತಿತ್ತಂತೆ.